ಸಿಗ್ನಲ್ ಫುಲ್ ಇದ್ದರೂ ಚಿತ್ರ ಒಡೆಯುತ್ತಿದೆಯಾ? ಆಂಟೆನಾ ಟಿವಿಯ ಮಲ್ಟಿಪಾತ್ ತೊಂದರೆ ಸರಿಮಾಡುವ ಬಗೆ

"ಸಿಗ್ನಲ್ 90 ಪರ್ಸೆಂಟ್ ತೋರಿಸುತ್ತೆ. ಆದರೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ಮಾತು ಮಧ್ಯೆ ಮಧ್ಯೆ ಕಟ್ ಆಗುತ್ತೆ. ಆಂಪ್ಲಿಫೈಯರ್ ಹಾಕಿದ್ರೆ ಸರಿಹೋಗುತ್ತಾ?"

ಅಮೆರಿಕದಲ್ಲಿ ಕೇಬಲ್ ಬಿಟ್ಟು ಆಂಟೆನಾ ಹಾಕಿಕೊಂಡ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರಲ್ಲೂ ಕ್ಯಾಲಿಫೋರ್ನಿಯಾದ ಬೇ ಏರಿಯಾ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆಯವರದ್ದೇ ಜಾಸ್ತಿ. ಆಂಪ್ಲಿಫೈಯರ್ ಸದ್ಯಕ್ಕೆ ಕೊಳ್ಳಬೇಡಿ. ಸಿಗ್ನಲ್ ಜೋರಾಗಿದ್ದೂ ಚಿತ್ರ ಒಡೆಯುತ್ತಿದ್ದರೆ ಬಹುಮಟ್ಟಿಗೆ ಅದು ಮಲ್ಟಿಪಾತ್ ತೊಂದರೆ. ದುಡ್ಡಿಗಿಂತ ತಾಳ್ಮೆ ಖರ್ಚು ಮಾಡಿದರೆ ಇದು ಸರಿಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಆಂಟೆನಾವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಸಾಕಾಗುತ್ತದೆ. ಆ ಗೇಣು ಯಾವ ಕಡೆಗೆ ಅಂತ ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ತೊಂದರೆ ಏನು?

ಟವರ್‌ನಿಂದ ಹೊರಟ ಸಿಗ್ನಲ್ ನಿಮ್ಮ ಆಂಟೆನಾಗೆ ನೇರವಾಗಿ ಬರುತ್ತದೆ. ಅದೇ ಸಿಗ್ನಲ್ ಗುಡ್ಡಕ್ಕೆ, ಎತ್ತರದ ಕಟ್ಟಡಕ್ಕೆ, ನೀರಿನ ಟ್ಯಾಂಕಿಗೆ, ಪಕ್ಕದ ಮನೆಯ ಲೋಹದ ಮಾಡಿಗೆ ಬಡಿದು ಸುತ್ತು ದಾರಿಯಲ್ಲೂ ಬರುತ್ತದೆ. ಸುತ್ತಿ ಬಂದದ್ದು ಸ್ವಲ್ಪ ತಡವಾಗಿ ತಲುಪುತ್ತದೆ. ಹೀಗೆ ಒಂದೇ ಸಿಗ್ನಲ್ ಹಲವು ದಾರಿಗಳಲ್ಲಿ ಬಂದು ಸೇರುವುದಕ್ಕೆ ಮಲ್ಟಿಪಾತ್ ಅನ್ನುತ್ತಾರೆ. ತಡವಾಗಿ ಬಂದ ನಕಲಿಗೆ ಎಕೋ ಎಂದು ಹೆಸರು.

ಹಳೇ ದೂರದರ್ಶನದ ಕಾಲದಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು. ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ಮಸುಕಾದ ನೆರಳು ನಿಂತಿರುತ್ತಿತ್ತು, ನೆನಪಿದೆ ಅಲ್ವಾ? ಒಬ್ಬರು ತಾರಸಿಯ ಮೇಲೆ ಆಂಟೆನಾ ತಿರುಗಿಸಿದರೆ ನೆರಳು ಕಡಿಮೆಯಾದದ್ದು ಕೆಳಗಿದ್ದವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಆ ಸುಳಿವು ಸಿಗುವುದಿಲ್ಲ. ಒಂದು ಮಿತಿಯವರೆಗೆ ಚಿತ್ರ ಪೂರ್ತಿ ಸ್ವಚ್ಛ. ಮಿತಿ ದಾಟಿತೋ, ಚಿತ್ರವೇ ಇಲ್ಲ. ಇದಕ್ಕೆ ಕ್ಲಿಫ್ ಎಫೆಕ್ಟ್ ಎನ್ನುತ್ತಾರೆ, ಬಂಡೆಯ ಅಂಚಿನಿಂದ ಬಿದ್ದ ಹಾಗೆ. ನೀವು ಅಂಚಿನಲ್ಲಿ ನಿಂತಿದ್ದೀರೋ, ದೂರದಲ್ಲಿದ್ದೀರೋ ಎಂದು ಚಿತ್ರ ನೋಡಿ ಹೇಳುವುದು ಸಾಧ್ಯವಿಲ್ಲ. ಹಾಗಾಗಿ ಮೀಟರ್ ಬೇಕು.

ದೊಡ್ಡ ಕಲ್ಯಾಣ ಮಂಟಪದಲ್ಲಿ ಮೈಕ್ ಹಿಡಿದು ಮಾತಾಡಿದರೆ ದನಿ ಗೋಡೆಗೆ ಬಡಿದು ಕಲಸಿಹೋಗಿ ಏನೂ ಅರ್ಥವಾಗುವುದಿಲ್ಲ. ಆಗ ವಾಲ್ಯೂಮ್ ಜಾಸ್ತಿ ಮಾಡಿದರೆ ಕಲಸಿದ ದನಿಯೂ ಅಷ್ಟೇ ಜಾಸ್ತಿಯಾಗುತ್ತದೆ. ಆಂಪ್ಲಿಫೈಯರ್ ಇಲ್ಲಿ ಕೆಲಸಕ್ಕೆ ಬಾರದಿರುವುದು ಇದೇ ಕಾರಣಕ್ಕೆ.

ಎಕೋ ಎಷ್ಟು ತಡವಾಗಿ ಬರುತ್ತದೆ ಅಂತ ಲೆಕ್ಕ ಹಾಕುವುದು ಸುಲಭ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತದೆ. ನಿಮ್ಮ ಮನೆ ಫ್ರೀಮಾಂಟ್‌ನಲ್ಲಿದೆ, 4 ಕಿಲೋಮೀಟರ್ ಹಿಂದೆ ಗುಡ್ಡ ಇದೆ ಅಂದುಕೊಳ್ಳಿ. ಸಿಗ್ನಲ್ ಮನೆ ದಾಟಿ ಗುಡ್ಡಕ್ಕೆ ಹೋಗಿ ವಾಪಸ್ ಬರಲು 8 ಕಿಲೋಮೀಟರ್ ಹೆಚ್ಚು ಓಡಬೇಕು. ಅಂದರೆ ಸುಮಾರು 27 ಮೈಕ್ರೋಸೆಕೆಂಡ್ ತಡ. ಅಮೆರಿಕದ ಡಿಜಿಟಲ್ ಟಿವಿ ಒಂದೊಂದು ಸಿಂಬಲ್ಲನ್ನು, ಅಂದರೆ ಮಾಹಿತಿಯ ಒಂದೊಂದು ತುಣುಕನ್ನು, 93 ನ್ಯಾನೋಸೆಕೆಂಡಿನಲ್ಲಿ ಕಳಿಸಿ ಮುಗಿಸುತ್ತದೆ. ಎಕೋ ಬಂದು ಸೇರುವಷ್ಟರಲ್ಲಿ ಹೆಚ್ಚುಕಡಿಮೆ 290 ಹೊಸ ತುಣುಕುಗಳು ಬಂದಿರುತ್ತವೆ. ಹಳೆಯದು ಹೊಸದರ ಮೇಲೆ ಬಿದ್ದು ಕಲಸಿಹೋಗುತ್ತದೆ.

ಇದನ್ನು ಬಿಡಿಸುವ ಕೆಲಸ ಟಿವಿಯೊಳಗಿನ ಈಕ್ವಲೈಸರ್‌ನದು. ಟವರ್ ಪ್ರತಿ 24 ಮಿಲಿಸೆಕೆಂಡಿಗೊಮ್ಮೆ ಮೊದಲೇ ಗೊತ್ತಿರುವ ಒಂದು ಗುರುತಿನ ಸಾಲನ್ನು ಕಳಿಸುತ್ತದೆ. ಆ ಸಾಲು ಎಷ್ಟು ಕೆಟ್ಟು ಬಂದಿದೆ ಅಂತ ನೋಡಿ ಈಕ್ವಲೈಸರ್ ಎಕೋವನ್ನು ಕಳೆಯುತ್ತದೆ. ಎಕೋ ಮೂಲ ಸಿಗ್ನಲ್ಲಿಗಿಂತ ಬಹಳ ದುರ್ಬಲವಾಗಿದ್ದು, ಅಲುಗಾಡದೆ ಒಂದೇ ಥರ ಇದ್ದರೆ ಈ ಕೆಲಸ ಸಲೀಸು. ಎರಡೂ ಸಮಬಲ ಆದಾಗ, ಇಲ್ಲವೇ ಎಕೋ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದಾಗ ಈಕ್ವಲೈಸರ್ ಸೋಲುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ. ನೇರ ಸಿಗ್ನಲ್ ಮುಂದೆ ಎಕೋ ಸಾಕಷ್ಟು ಸಣ್ಣದಾಗುವಂತೆ ಆಂಟೆನಾ ಇಡಬೇಕು. ಉಳಿದದ್ದನ್ನು ಟಿವಿ ನೋಡಿಕೊಳ್ಳುತ್ತದೆ.

ಈ ತೊಂದರೆ ಅಮೆರಿಕದಲ್ಲೇ ಯಾಕೆ ಜಾಸ್ತಿ ಎಂದು ಕೇಳುವವರೂ ಇದ್ದಾರೆ. ಇಲ್ಲಿನ ಎಟಿಎಸ್‌ಸಿ ಪದ್ಧತಿ 8ವಿಎಸ್‌ಬಿ ಎಂಬ ವಿಧಾನ ಬಳಸುತ್ತದೆ. ಮಾಹಿತಿ ಹೊರುವ ಒಂದೇ ಅಲೆಯ, ಅಂದರೆ ಕ್ಯಾರಿಯರ್‌ನ, ಮೇಲೆ ತುಣುಕುಗಳನ್ನು ಬಹಳ ವೇಗವಾಗಿ ಕಳಿಸುವ ವಿಧಾನ ಅದು. ಯುರೋಪಿನ ಡಿವಿಬಿ-ಟಿ ಪದ್ಧತಿ ಮಾಹಿತಿಯನ್ನು ಸಾವಿರಾರು ಸಣ್ಣ ಕ್ಯಾರಿಯರ್‌ಗಳಿಗೆ ಹಂಚಿ ನಿಧಾನವಾಗಿ ಕಳಿಸುತ್ತದೆ. ಅದರ 8ಕೆ ಬಗೆಯಲ್ಲಿ ಒಂದು ತುಣುಕಿಗೆ 896 ಮೈಕ್ರೋಸೆಕೆಂಡ್. ಜೊತೆಗೆ ಎಕೋ ಅಡಗಲಿ ಅಂತ 224 ಮೈಕ್ರೋಸೆಕೆಂಡ್ ವರೆಗೆ ಬಿಡುವು ಕೊಡಬಹುದು. 1999ರಲ್ಲಿ ಸಿಂಕ್ಲೇರ್ ಎಂಬ ಟಿವಿ ಪ್ರಸಾರ ಕಂಪನಿ ಬಾಲ್ಟಿಮೋರ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ಯುರೋಪಿನ ವಿಧಾನಕ್ಕೂ ಅನುಮತಿ ಕೊಡಿ ಅಂತ ಕೇಳಿತು. ಪ್ರಸಾರದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2000ದಲ್ಲಿ ಅದನ್ನು ತಳ್ಳಿಹಾಕಿತು. ಆಗಿನ ಟಿವಿಗಳಿಗೆ ಹೋಲಿಸಿದರೆ ಇವತ್ತಿನ ಈಕ್ವಲೈಸರ್‌ಗಳು ಎಷ್ಟೋ ಚೆನ್ನಾಗಿವೆ. ಆದರೂ ಪೂರ್ತಿ ಗೆದ್ದಿಲ್ಲ.

ಏನೇನು ಬೇಕು

ಸಿಗ್ನಲ್ ಸ್ಟ್ರೆಂತ್ ಮತ್ತು ಸಿಗ್ನಲ್ ಕ್ವಾಲಿಟಿ ಎರಡನ್ನೂ ಬೇರೆ ಬೇರೆ ತೋರಿಸುವ ಟಿವಿ ಅಥವಾ ಟ್ಯೂನರ್, ಅಂದರೆ ಆಂಟೆನಾದಿಂದ ಚಾನೆಲ್ ಹಿಡಿದುಕೊಡುವ ಸಾಧನ, ಬೇಕು. ಸ್ಟ್ರೆಂತ್ ಅಂದರೆ ಎಷ್ಟು ಜೋರಾಗಿ ಬರುತ್ತಿದೆ ಅಂತ. ಕ್ವಾಲಿಟಿ ಅಂದರೆ ಎಷ್ಟು ಶುದ್ಧವಾಗಿ ಬರುತ್ತಿದೆ ಅಂತ. ಕೆಲವು ಟಿವಿಗಳು ಇದನ್ನೇ ಎಸ್‌ಎನ್‌ಆರ್ ಎಂದು ಡೆಸಿಬೆಲ್‌ನಲ್ಲಿ ತೋರಿಸುತ್ತವೆ. 8ವಿಎಸ್‌ಬಿಗೆ ಕನಿಷ್ಠ 15 ಡೆಸಿಬೆಲ್ ಇರಲೇಬೇಕು. 16, 17ರಲ್ಲಿದ್ದರೆ ನೀವು ಅಂಚಿನಲ್ಲೇ ಇದ್ದೀರಿ. 20 ದಾಟಿದರೆ ನೆಮ್ಮದಿ.

ಎಚ್‌ಡಿಹೋಮ್‌ರನ್ ಟ್ಯೂನರ್ ಇದ್ದರೆ ಈ ಕೆಲಸಕ್ಕೆ ಬಹಳ ಅನುಕೂಲ. ಅದು ಸ್ಟ್ರೆಂತ್, ಕ್ವಾಲಿಟಿ ಜೊತೆಗೆ ಸಿಂಬಲ್ ಕ್ವಾಲಿಟಿ ಎಂಬ ಮೂರನೇ ಅಂಕಿಯನ್ನೂ ಕೊಡುತ್ತದೆ. ಅದು 100 ಇರಬೇಕು. ಇಳಿಯಿತು ಅಂದರೆ ಸರಿಪಡಿಸಲಾಗದ ತಪ್ಪುಗಳು ಬರುತ್ತಿವೆ ಅಂತ ಅರ್ಥ. ಫೋನ್‌ನಲ್ಲೇ ಅಂಕಿ ಕಾಣುವುದರಿಂದ ಆಂಟೆನಾ ಪಕ್ಕದಲ್ಲಿ ನಿಂತೇ ನೋಡಿಕೊಳ್ಳಬಹುದು.

ಇಷ್ಟಲ್ಲದೆ ಉದ್ದದ ಒಂದು ಆರ್‌ಜಿ-6 ಆಂಟೆನಾ ಕೇಬಲ್, ಫೋನ್‌ನ ದಿಕ್ಸೂಚಿ, ಅಂಕಿ ಬರೆದಿಡಲು ಒಂದು ನೋಟ್‌ಬುಕ್, 6 ಅಥವಾ 10 ಡೆಸಿಬೆಲ್‌ನ ಒಂದು ಅಟೆನುಯೇಟರ್ ಇಟ್ಟುಕೊಳ್ಳಿ. ಅಟೆನುಯೇಟರ್ ಅಂದರೆ ಸಿಗ್ನಲ್ಲನ್ನು ಬೇಕೆಂದೇ ತಗ್ಗಿಸುವ ಬೆರಳುದ್ದದ ಕನೆಕ್ಟರ್. ಯಾಕೆ ಬೇಕು ಅಂತ 3ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಟವರ್ ಯಾವ ಕಡೆ ಇದೆ, ಚಾನೆಲ್‌ನ ನಿಜವಾದ ನಂಬರ್ ಯಾವುದು

ರ್‍ಯಾಬಿಟ್‌ಇಯರ್ಸ್ ಎಂಬ ಜಾಲತಾಣದಲ್ಲಿ ನಿಮ್ಮ ವಿಳಾಸ ಹಾಕಿದರೆ ಪ್ರತಿ ಚಾನೆಲ್‌ನ ದಿಕ್ಕು, ದೂರ, ನಿಜವಾದ ನಂಬರ್ ಎಲ್ಲ ಬರುತ್ತದೆ. ಬರೆದುಕೊಳ್ಳಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ನಂಬರ್. ಟಿವಿಯಲ್ಲಿ ಕಾಣುವುದು ಹೆಸರಿಗಿರುವ ನಂಬರ್, ಅದನ್ನು ವರ್ಚುವಲ್ ಚಾನೆಲ್ ಎನ್ನುತ್ತಾರೆ. ಗಾಳಿಯಲ್ಲಿ ಬರುವುದು ಆರ್‌ಎಫ್ ಚಾನೆಲ್, ಅದು ಬೇರೆಯೇ ಇರಬಹುದು. ಬೇ ಏರಿಯಾದಲ್ಲಿ ಕೆಆರ್‌ಒಎನ್ ಎಂಬ ಕೇಂದ್ರ ಟಿವಿಯಲ್ಲಿ 4 ಎಂದು ಕಾಣುತ್ತದೆ, ಗಾಳಿಯಲ್ಲಿ ಬರುವುದು 7ರಲ್ಲಿ. ಕೆಜಿಒ 7 ಎಂದು ಕಾಣುತ್ತದೆ, ಬರುವುದು 12ರಲ್ಲಿ. ಇವು ವಿಎಚ್‌ಎಫ್ ಚಾನೆಲ್‌ಗಳು, ಅಲೆಯ ಉದ್ದ ಸುಮಾರು ಒಂದೂವರೆ ಮೀಟರ್. 14ರಿಂದ 36ರವರೆಗಿನವು ಯುಎಚ್‌ಎಫ್, ಅಲೆಯ ಉದ್ದ 50ರಿಂದ 64 ಸೆಂಟಿಮೀಟರ್. ಆಂಟೆನಾ ಎಷ್ಟು ಸರಿಸಬೇಕು ಎನ್ನುವುದು ಈ ಉದ್ದದ ಮೇಲೆ ನಿಂತಿರುವುದರಿಂದ ಆರ್‌ಎಫ್ ನಂಬರ್ ಗೊತ್ತಿರಲೇಬೇಕು.

ಎರಡನೆಯದು ದಿಕ್ಸೂಚಿ. ಫ್ರೀಮಾಂಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋದ ಸೂಟ್ರೋ ಎಂಬ ಟಿವಿ ಟವರ್ ಹೆಚ್ಚುಕಡಿಮೆ 300 ಡಿಗ್ರಿಯಲ್ಲಿದೆ, ಸನಿವೇಲ್‌ನಿಂದ 320ರ ಹತ್ತಿರ. ಇವು ನಿಜವಾದ ಉತ್ತರದಿಂದ ಅಳೆದ ಲೆಕ್ಕ. ಬೇ ಏರಿಯಾದಲ್ಲಿ ಅಯಸ್ಕಾಂತದ ಮುಳ್ಳು ಸುಮಾರು 13 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ಫೋನ್‌ನಲ್ಲಿ ಟ್ರೂ ನಾರ್ತ್ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ 13 ಕಳೆಯಿರಿ. ಲೋಹದ ಕಂಬದ ಪಕ್ಕದಲ್ಲಿ ಫೋನ್ ಹಿಡಿದರೆ ದಿಕ್ಸೂಚಿ ತಪ್ಪು ತೋರಿಸುತ್ತದೆ. ಸ್ವಲ್ಪ ದೂರ ನಿಂತು ನೋಡಿ.

ಹಂತ 2: ನಡುವೆ ಇರುವುದನ್ನೆಲ್ಲ ತೆಗೆಯಿರಿ

ಆಂಪ್ಲಿಫೈಯರ್, ಸಿಗ್ನಲ್ಲನ್ನು ಹಲವು ಟಿವಿಗಳಿಗೆ ಹಂಚುವ ಸ್ಪ್ಲಿಟರ್, ಹಳೇ ಗೋಡೆಯ ಕೇಬಲ್ ಎಲ್ಲವನ್ನೂ ಬಿಚ್ಚಿ. ಆಂಟೆನಾದಿಂದ ಒಂದೇ ಆರ್‌ಜಿ-6 ಕೇಬಲ್ ನೇರ ಟ್ಯೂನರ್‌ಗೆ ಬರಲಿ. ಎಕೋ ಹೊರಗಿನಿಂದಲೇ ಬರಬೇಕು ಅಂತೇನಿಲ್ಲ. ಸ್ಪ್ಲಿಟರ್‌ನ ಖಾಲಿ ಬಾಯಿಗೆ, ಜಜ್ಜಿಹೋದ ಕೇಬಲ್ಲಿಗೆ, ಸಡಿಲ ಕನೆಕ್ಟರ್‌ಗೆ ಬಡಿದು ಮನೆಯೊಳಗೇ ಹುಟ್ಟಬಹುದು. ಮುಂದೆ ಸ್ಪ್ಲಿಟರ್ ವಾಪಸ್ ಹಾಕುವಾಗ ಖಾಲಿ ಬಾಯಿಗಳಿಗೆ 75 ಓಮ್ ಟರ್ಮಿನೇಟರ್ ತಿರುಗಿಸಿಬಿಡಿ. ಸಣ್ಣ ಮುಚ್ಚಳದಂಥ ವಸ್ತು, ಬೆಲೆಯೂ ತೀರಾ ಕಡಿಮೆ.

ಹಂತ 3: ಇದು ಮಲ್ಟಿಪಾತ್ ಹೌದೋ ಅಲ್ಲವೋ

ಈ ಹಂತ ಬಿಟ್ಟು ಮುಂದೆ ಹೋದವರೇ ಹೆಚ್ಚು ಪರದಾಡುತ್ತಾರೆ. ಅಂಕಿಗಳನ್ನು ಹೀಗೆ ಓದಿ.

ಸ್ಟ್ರೆಂತ್ ಮತ್ತು ಕ್ವಾಲಿಟಿ ಎರಡೂ ಕಡಿಮೆ ಇದ್ದರೆ ಸಿಗ್ನಲ್ಲೇ ದುರ್ಬಲ. ಎತ್ತರಕ್ಕೆ ಹೋಗಬೇಕು, ದೊಡ್ಡ ಆಂಟೆನಾ ಬೇಕು. ಆಂಪ್ಲಿಫೈಯರ್ ಉಪಯೋಗಕ್ಕೆ ಬರುವುದು ಇಂಥ ಕಡೆ, ಅದೂ ಉದ್ದನೆ ಕೇಬಲ್ ಇದ್ದಾಗ.

ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಕಡಿಮೆ ಇದ್ದರೆ ಎರಡು ಸಾಧ್ಯತೆ: ಮಲ್ಟಿಪಾತ್ ಅಥವಾ ಓವರ್‌ಲೋಡ್. ಓವರ್‌ಲೋಡ್ ಅಂದರೆ ಹತ್ತಿರದ ಟವರ್‌ನ ಸಿಗ್ನಲ್ ಟ್ಯೂನರ್‌ಗೆ ತಡೆಯಲಾರದಷ್ಟು ಜೋರಾಗಿರುವುದು. ಬೇರೆ ಮಾಡಿ ನೋಡಲು ಅಟೆನುಯೇಟರ್ ಹಾಕಿ. ಕ್ವಾಲಿಟಿ ಏರಿದರೆ ಓವರ್‌ಲೋಡ್, ಅಟೆನುಯೇಟರ್ ಅಲ್ಲೇ ಇರಲಿ, ಕೆಲಸ ಮುಗಿಯಿತು. ಏರದೆ ಹಾಗೇ ಇದ್ದರೆ ಮಲ್ಟಿಪಾತ್. ಸಿಗ್ನಲ್ ತಗ್ಗಿಸಿದಾಗ ಎಕೋ ಕೂಡ ಅಷ್ಟೇ ತಗ್ಗುತ್ತದೆ, ಹಾಗಾಗಿ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ.

ವಿಎಚ್‌ಎಫ್ ಚಾನೆಲ್‌ಗಳು ಮಾತ್ರ ಒಡೆಯುತ್ತಿದ್ದರೆ ಮನೆಯ ಎಲ್ಇಡಿ ದೀಪ, ಫೋನ್ ಚಾರ್ಜರ್, ಸೋಲಾರ್ ಇನ್ವರ್ಟರ್ ಒಂದೊಂದಾಗಿ ಆರಿಸಿ ನೋಡಿ. ಅಗ್ಗದ ದೀಪಗಳ ಗದ್ದಲ ಈ ಚಾನೆಲ್‌ಗಳ ಮೇಲೇ ಬೀಳುತ್ತದೆ. ಅದು ಮಲ್ಟಿಪಾತ್ ಅಲ್ಲ. ಆಂಟೆನಾ ಎಷ್ಟು ತಿರುಗಿಸಿದರೂ ಹೋಗುವುದಿಲ್ಲ.

ಗಾಳಿ ಬೀಸಿದಾಗ, ಲಾರಿ ಹೋದಾಗ, ವಿಮಾನ ಹಾರಿದಾಗ ಮಾತ್ರ ಅಂಕಿ ಕುಣಿದರೆ ಅದು ಚಲಿಸುವ ವಸ್ತುಗಳಿಂದ ಬರುವ ಮಲ್ಟಿಪಾತ್. ಅದಕ್ಕೆ 8ನೇ ಹಂತ ನೋಡಿ.

ಹಂತ 4: ಜಾಗ ಆರಿಸಿ

ಕ್ಯಾಲಿಫೋರ್ನಿಯಾದ ಎಷ್ಟೋ ಮನೆಗಳ ಹೊರಗೋಡೆ ಸ್ಟಕ್ಕೊ, ಅಂದರೆ ತಂತಿಯ ಜಾಲರಿ ಹೊಡೆದು ಅದರ ಮೇಲೆ ಮಾಡಿದ ಗಾರೆ. ಆ ಜಾಲರಿ ಸಿಗ್ನಲ್ಲನ್ನು ತಡೆಯುತ್ತದೆ. ನೇರ ಸಿಗ್ನಲ್ ಗೋಡೆಯಲ್ಲೇ ಸೊರಗಿಹೋಗುತ್ತದೆ. ಎದುರು ಮನೆಗೆ ಬಡಿದು ಕಿಟಕಿಯಿಂದ ನುಗ್ಗಿದ ಎಕೋ ಮಾತ್ರ ಜೋರಾಗಿ ಒಳಗೆ ಬರುತ್ತದೆ. ಮನೆಯೊಳಗಿನ ಆಂಟೆನಾ ಸತಾಯಿಸುವುದಕ್ಕೆ ದೊಡ್ಡ ಕಾರಣ ಇದೇ. ಹೊಸ ಕಿಟಕಿಗಳ ಲೋ-ಇ ಗಾಜಿನ ಮೇಲೆ ತೆಳುವಾದ ಲೋಹದ ಲೇಪ ಇರುತ್ತದೆ, ಅದೂ ತಡೆಯೇ. ಆಟಿಕ್‌ನಲ್ಲಿ, ಅಂದರೆ ಮಾಡಿನ ಕೆಳಗಿನ ಅಟ್ಟದಲ್ಲಿ, ಬಿಸಿಲು ತಡೆಯಲು ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದರೆ ಅಲ್ಲಿ ಆಂಟೆನಾ ಇಡುವ ಆಸೆ ಬಿಟ್ಟುಬಿಡಿ.

ಒಳಗೇ ಇಡಬೇಕು ಅಂದರೆ ಟವರ್ ಕಡೆ ಮುಖ ಮಾಡಿದ, ಮೇಲಿನ ಮಹಡಿಯ, ಸಾದಾ ಗಾಜಿನ ಕಿಟಕಿ ಹುಡುಕಿ. ಫ್ರಿಜ್, ಲೋಹದ ಬ್ಲೈಂಡ್ಸ್, ಟಿವಿಯ ಬೆನ್ನು ದೂರ ಇರಲಿ. ಹೊರಗೆ ಇಡಲು ಆಗುವುದಾದರೆ ಹೊರಗೇ ಇಡಿ. ಮಾಡಿನ ಮೇಲೆ ಸೋಲಾರ್ ಫಲಕಗಳಿದ್ದರೆ ಅವುಗಳಿಂದ ದೂರ ಸರಿಯಿರಿ.

"ಎಚ್‌ಒಎ (ವಸತಿ ಸಂಘ) ಬಿಡಲ್ಲ" ಎನ್ನುವವರಿಗೆ ಒಂದು ಮಾತು. 1996ರಿಂದ ಎಫ್‌ಸಿಸಿಯ ಒಟಾರ್ಡ್ ಎಂಬ ನಿಯಮ ಇದೆ. ನಿಮ್ಮ ಒಬ್ಬರದೇ ಬಳಕೆಯಲ್ಲಿರುವ ಜಾಗದಲ್ಲಿ ಟಿವಿ ಆಂಟೆನಾ ಹಾಕುವುದನ್ನು ವಸತಿ ಸಂಘವಾಗಲಿ, ಮನೆ ಮಾಲೀಕರಾಗಲಿ ತಡೆಯುವಂತಿಲ್ಲ. ಬಾಡಿಗೆ ಮನೆಯ ಬಾಲ್ಕನಿಯೂ ಇದರಲ್ಲಿ ಸೇರಿದೆ. ಎಲ್ಲರಿಗೂ ಸೇರಿದ ಮಾಡು ಮತ್ತು ಹೊರಗೋಡೆ ಸೇರಿಲ್ಲ. ಸುರಕ್ಷತೆಯ ಷರತ್ತು ಅವರು ಹಾಕಬಹುದು.

ಹಂತ 5: ಗೇಣು ಗೇಣಾಗಿ ಸರಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇದಕ್ಕೆ ಸಾಕಷ್ಟು ಹೊತ್ತು ಕೊಡಿ.

ನೇರ ಸಿಗ್ನಲ್ ಮತ್ತು ಎಕೋ ಸೇರಿದಾಗ ಗಾಳಿಯಲ್ಲಿ ಒಂದು ವಿನ್ಯಾಸ ಮೂಡುತ್ತದೆ. ಒಂದು ಕಡೆ ಎರಡೂ ಸೇರಿ ಸಿಗ್ನಲ್ ಹಿಗ್ಗುತ್ತದೆ, ಸ್ವಲ್ಪ ಆಚೆ ಒಂದನ್ನೊಂದು ಕಳೆದು ಕುಗ್ಗುತ್ತದೆ. ಎಕೋ ಎದುರು ದಿಕ್ಕಿನಿಂದ ಬಂದರೆ ಹಿಗ್ಗುವ ಜಾಗಕ್ಕೂ ಕುಗ್ಗುವ ಜಾಗಕ್ಕೂ ಅಂತರ ಅಲೆಯುದ್ದದ ಕಾಲು ಭಾಗ. ಯುಎಚ್‌ಎಫ್‌ನಲ್ಲಿ ಅದು 13ರಿಂದ 16 ಸೆಂಟಿಮೀಟರ್. ಆರ್‌ಎಫ್ 12ರಲ್ಲಿ ಸುಮಾರು 36 ಸೆಂಟಿಮೀಟರ್. ಎಕೋ ಪಕ್ಕದಿಂದ ಬಂದರೆ ಅಂತರ ಇನ್ನೂ ಹೆಚ್ಚಾಗುತ್ತದೆ.

ಹೀಗೆ ಮಾಡಿ. ಆಂಟೆನಾವನ್ನು ಟವರ್ ಕಡೆ ತಿರುಗಿಸಿ ಇಡಿ. ಅತಿ ಹೆಚ್ಚು ಕಾಡುವ ಒಂದು ಚಾನೆಲ್ ಹಾಕಿ, ಅಂಕಿ ಬರೆದುಕೊಳ್ಳಿ. ಆಮೇಲೆ 8ರಿಂದ 10 ಸೆಂಟಿಮೀಟರ್ ಎಡಕ್ಕೆ ಸರಿಸಿ. ಕೈ ತೆಗೆದು ದೂರ ನಿಲ್ಲಿ, ಯಾಕೆಂದರೆ ನಿಮ್ಮ ಮೈಯೂ ಸಿಗ್ನಲ್ಲನ್ನು ಬಡಿದು ಹಿಂದಕ್ಕೆ ಕಳಿಸುತ್ತದೆ. ಹತ್ತು ಸೆಕೆಂಡ್ ಕಾಯಿರಿ. ಕ್ವಾಲಿಟಿ ಬರೆದುಕೊಳ್ಳಿ. ಮತ್ತೆ ಸರಿಸಿ. ಒಂದು ಮೀಟರ್‌ನಷ್ಟು ಅಗಲ ಪೂರ್ತಿ ನೋಡಿ. ನಂತರ ಹಿಂದೆ ಮುಂದೆ, ಆಮೇಲೆ ಮೇಲೆ ಕೆಳಗೆ.

ಮೂರು ಎಚ್ಚರಿಕೆ. ಕಣ್ಣು ಕ್ವಾಲಿಟಿ ಮೇಲಿರಲಿ. ಸ್ಟ್ರೆಂತ್ ಅತಿ ಹೆಚ್ಚು ಬರುವ ಜಾಗವೇ ಒಳ್ಳೆಯದು ಎಂದುಕೊಂಡು ಬಹಳ ಜನ ಅಲ್ಲೇ ಬಿಗಿದುಬಿಡುತ್ತಾರೆ. ಎಕೋ ಸೇರಿಕೊಂಡೇ ಸ್ಟ್ರೆಂತ್ ಏರಿರಬಹುದು. ಎರಡನೆಯದು, ಮೇಲೆ ಹೋದಷ್ಟೂ ಒಳ್ಳೆಯದು ಎಂಬುದು ಯಾವಾಗಲೂ ನಿಜವಲ್ಲ. ಮಾಡಿನಿಂದ ಒಂದೆರಡು ಅಡಿ ಕೆಳಗಿಳಿಸಿದಾಗ ಮನೆಯೇ ಅಡ್ಡ ನಿಂತು ಹಿಂದಿನ ಗುಡ್ಡದ ಎಕೋ ತಡೆಯುವುದುಂಟು. ಮೂರನೆಯದು, ಒಂದು ಚಾನೆಲ್ ಸರಿಹೋದ ತಕ್ಷಣ ಕುಣಿದಾಡಬೇಡಿ. ಅಲೆಯುದ್ದ ಬೇರೆ ಆದರೆ ವಿನ್ಯಾಸವೂ ಬೇರೆ. ಎಲ್ಲ ಮುಖ್ಯ ಚಾನೆಲ್‌ಗಳ ಅಂಕಿ ನೋಡಿ, ಎಲ್ಲವೂ ಮಿತಿಗಿಂತ ಮೇಲಿರುವ ಜಾಗ ಹುಡುಕಿ. ಒಂದು ಚಾನೆಲ್‌ಗೆ 30 ಡೆಸಿಬೆಲ್, ಇನ್ನೊಂದಕ್ಕೆ 15 ಬರುವುದಕ್ಕಿಂತ ಎರಡಕ್ಕೂ 21 ಬರುವುದು ವಾಸಿ.

ಹಂತ 6: ತಿರುಗಿಸಿ, ಆದರೆ ಟವರ್ ಕಡೆಗೇ ನಿಲ್ಲಿಸಬೇಕಿಲ್ಲ

ದಿಕ್ಕುಳ್ಳ ಆಂಟೆನಾಗಳಿಗೆ, ಅಂದರೆ ಒಂದೇ ಕಡೆಯಿಂದ ಚೆನ್ನಾಗಿ ಹಿಡಿಯುವ ಯಾಗಿಯಂಥವಕ್ಕೆ, ಕೆಲವು ಕೋನಗಳಲ್ಲಿ ಏನೂ ಕೇಳಿಸುವುದಿಲ್ಲ. ಆ ಕೋನವನ್ನು ನಲ್ ಎನ್ನುತ್ತಾರೆ. ಮುಂಭಾಗದ ಹಿಡಿತ ಅಗಲ, ನಲ್ ಮಾತ್ರ ಬಹಳ ಕಿರಿದು. ಟವರ್‌ನಿಂದ 10, 15 ಡಿಗ್ರಿ ಆಚೆ ತಿರುಗಿಸಿದರೆ ನೇರ ಸಿಗ್ನಲ್ ಸ್ವಲ್ಪವೇ ಇಳಿಯುತ್ತದೆ. ಅದೇ ಹೊತ್ತಿಗೆ ಎಕೋ ಬರುವ ದಿಕ್ಕಿಗೆ ನಲ್ ಬಿದ್ದರೆ ಎಕೋ ಎಷ್ಟೋ ಪಟ್ಟು ಇಳಿಯುತ್ತದೆ. ಸ್ಟ್ರೆಂತ್ ಕಡಿಮೆಯಾಗಿ ಕ್ವಾಲಿಟಿ ಏರುವ ವಿಚಿತ್ರ ಕಾಣುವುದು ಇಲ್ಲೇ. ಅದನ್ನು ನಂಬಿ, ಅಲ್ಲೇ ನಿಲ್ಲಿಸಿ.

ತಿರುಗಿಸುವುದು ಒಂದು ಸಲಕ್ಕೆ 5 ಡಿಗ್ರಿ ಮಾತ್ರ. ಟವರ್‌ನ ಎರಡೂ ಕಡೆ 40 ಡಿಗ್ರಿವರೆಗೆ ನೋಡಿ.

ನೇರ ದಾರಿ ಪೂರ್ತಿ ಮುಚ್ಚಿಹೋದ ಜಾಗಗಳೂ ಇವೆ. ಗುಡ್ಡದ ಮರೆಯ ಮನೆ, ಮ್ಯಾನ್‌ಹಾಟನ್‌ನ ಎರಡು ಗಗನಚುಂಬಿಗಳ ನಡುವಿನ ಫ್ಲ್ಯಾಟ್ ಇಂಥವು. ಅಲ್ಲಿ ಒಂದು ಒಳ್ಳೆಯ ಎಕೋವನ್ನೇ ಮುಖ್ಯ ಸಿಗ್ನಲ್ ಅಂತ ಹಿಡಿದುಕೊಳ್ಳಿ. ಎದುರಿನ ದೊಡ್ಡ ಕಟ್ಟಡದ ಕಡೆ ಆಂಟೆನಾ ತಿರುಗಿಸಿ. ಒಂದೇ ಎಕೋ ಜೋರಾಗಿ, ಸ್ಥಿರವಾಗಿ ಬಂದರೆ ಟಿವಿಗೆ ಅದು ಸಾಕು.

ಹಂತ 7: ಆಂಟೆನಾ ಬದಲಿಸುವ ಮೊದಲು, ಬದಲಿಸುವಾಗ

ಅಂಗಡಿಯಲ್ಲಿ ಸಿಗುವ ಕಾಗದದಷ್ಟು ತೆಳ್ಳನೆಯ ಚಪ್ಪಟೆ ಆಂಟೆನಾಗಳು ಮುಂದಿನಿಂದಲೂ ಹಿಂದಿನಿಂದಲೂ ಒಂದೇ ರೀತಿ ಹಿಡಿಯುತ್ತವೆ. ಫ್ರೀಮಾಂಟ್‌ನಂಥ ಊರಿಗೆ ಇದೇ ಮುಳುವು. ಟವರ್ ಪಶ್ಚಿಮ-ವಾಯವ್ಯಕ್ಕೆ, ಗುಡ್ಡಗಳು ಪೂರ್ವಕ್ಕೆ. ಎಕೋ ಬರುವುದು ಬೆನ್ನಿನಿಂದ.

ಪೆಟ್ಟಿಗೆಯ ಮೇಲೆ ಬರೆದ ಮೈಲಿ ನೋಡಿ ಕೊಳ್ಳಬೇಡಿ. ಕೇಳಬೇಕಾದದ್ದು ಫ್ರಂಟ್-ಟು-ಬ್ಯಾಕ್ ಅಂಕಿ. ಮುಂದಿನಿಂದ ಹಿಡಿಯುವುದಕ್ಕೂ ಹಿಂದಿನಿಂದ ಹಿಡಿಯುವುದಕ್ಕೂ ಇರುವ ಅಂತರ ಅದು. 15 ಡೆಸಿಬೆಲ್‌ಗಿಂತ ಹೆಚ್ಚಿದ್ದರೆ ಒಳ್ಳೆಯದು. ಹಿಂದೆ ಜಾಲರಿ ಇರುವ ಬೋ-ಟೈ ಆಂಟೆನಾ, ಉದ್ದನೆಯ ಯಾಗಿ ಈ ಕೆಲಸಕ್ಕೆ ಸರಿ. ವಿಎಚ್‌ಎಫ್ ಚಾನೆಲ್‌ಗಳೂ ಬೇಕಿದ್ದರೆ ಅದಕ್ಕೆಂದೇ ಉದ್ದ ಕಡ್ಡಿಗಳಿರುವ ಭಾಗ ಇದೆಯೇ ನೋಡಿ.

ಹೊಸದು ಕೊಳ್ಳುವ ಮೊದಲು ಇದ್ದದ್ದರ ಹಿಂದೆ ಒಂದು ಚಿಕನ್ ಮೆಶ್ ತುಂಡು ಇಟ್ಟು ನೋಡಿ. ಕಣ್ಣುಗಳು ಒಂದು ಇಂಚಿನಷ್ಟಿದ್ದರೆ ಯುಎಚ್‌ಎಫ್‌ಗೆ ಅದು ಗಟ್ಟಿ ತಗಡಿನ ಹಾಗೇ ಕೆಲಸ ಮಾಡುತ್ತದೆ. ಆಂಟೆನಾಗಿಂತ ಎಲ್ಲ ಕಡೆ ದೊಡ್ಡದಿರಲಿ. ಹಿಂದೆ 10ರಿಂದ 13 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿ, ತಾಗಿಸಬೇಡಿ. ವಿಎಚ್‌ಎಫ್‌ಗೆ ಇದು ಸಾಲುವುದಿಲ್ಲ.

ಎಕೋ ಪಕ್ಕದಿಂದ ಬರುತ್ತಿದ್ದರೆ ಇನ್ನೊಂದು ಉಪಾಯ ಇದೆ. ಒಂದೇ ಮಾದರಿಯ ಎರಡು ಆಂಟೆನಾಗಳನ್ನು ಅಕ್ಕಪಕ್ಕ, ಒಂದೇ ದಿಕ್ಕಿಗೆ ನಿಲ್ಲಿಸಿ. ಒಂದೇ ಉದ್ದದ ಎರಡು ಕೇಬಲ್‌ಗಳನ್ನು ತಂದು, ಸ್ಪ್ಲಿಟರ್ ಒಂದನ್ನು ಉಲ್ಟಾ ಬಳಸಿ ಜೋಡಿಸಿ. ನಡುವಿನ ಅಂತರ ಸರಿಯಾಗಿದ್ದರೆ ಟವರ್ ಕಡೆಯ ಸಿಗ್ನಲ್ ಎರಡರಲ್ಲೂ ಒಟ್ಟಿಗೆ ಬಂದು ಕೂಡುತ್ತದೆ. ಪಕ್ಕದ ಎಕೋ ಒಂದಕ್ಕೆ ಅರ್ಧ ಅಲೆ ತಡವಾಗಿ ಬಂದು ಕಳೆದುಹೋಗುತ್ತದೆ. ಅಂತರದ ಲೆಕ್ಕ: ಎಕೋ ಬರುವ ಕೋನದ ಸೈನ್ ಬೆಲೆಯನ್ನು ಎರಡು ಪಟ್ಟು ಮಾಡಿ, ಅದರಿಂದ ಅಲೆಯುದ್ದವನ್ನು ಭಾಗಿಸಿ. 570 ಮೆಗಾಹರ್ಟ್ಜ್ ಚಾನೆಲ್‌ನ ಅಲೆಯುದ್ದ ಸುಮಾರು 53 ಸೆಂಟಿಮೀಟರ್. ಎಕೋ 30 ಡಿಗ್ರಿ ಪಕ್ಕದಿಂದ ಬಂದರೆ ಸೈನ್ ಅರ್ಧ, ಎರಡು ಪಟ್ಟು ಮಾಡಿದರೆ ಒಂದು. ಹಾಗಾಗಿ ಅಂತರ 53 ಸೆಂಟಿಮೀಟರ್. ಇದು ಒಂದು ಚಾನೆಲ್ ಮತ್ತು ಅದರ ಆಸುಪಾಸಿನವಕ್ಕೆ ಮಾತ್ರ ನಿಖರ. ಬೆನ್ನಿನಿಂದಲೇ ಬರುವ ಎಕೋಗೆ ಇದು ನಡೆಯುವುದಿಲ್ಲ, ಅಲ್ಲಿ ಜಾಲರಿಯೇ ಗತಿ.

ಹಂತ 8: ಮರ, ವಿಮಾನ, ರಸ್ತೆ

ಟವರ್ ಕಡೆ ಮರವಿದ್ದರೆ ಎಲೆ ಅಲುಗಿದಾಗಲೆಲ್ಲ ಎಕೋ ಬದಲಾಗುತ್ತದೆ. ಒದ್ದೆ ಎಲೆ ಇನ್ನೂ ಕಷ್ಟ. ಮರದ ಪಕ್ಕದಿಂದ ಟವರ್ ಕಾಣುವ ಜಾಗಕ್ಕೆ ಸರಿಯಿರಿ. ಅದಾಗದಿದ್ದರೆ ಮೇಲೆ ಹೋಗುವ ಬದಲು ಕೊಂಬೆಗಳ ಕೆಳಗೆ, ಕಾಂಡದ ಮಟ್ಟದಲ್ಲಿ ಇಟ್ಟು ನೋಡಿ. ಚಳಿಗಾಲದಲ್ಲಿ ಎಲೆ ಉದುರಿದಾಗ ಸರಿಯಾಗಿ ಕೂರಿಸಿದ್ದು ಏಪ್ರಿಲ್‌ನಲ್ಲಿ ಹಾಳಾಗಬಹುದು. ಅದಕ್ಕೇ 20 ಡೆಸಿಬೆಲ್ ದಾಟಿಸಿ ಇಡಿ ಅಂದದ್ದು.

ಸ್ಯಾನ್ ಹೋಸೆ ವಿಮಾನ ನಿಲ್ದಾಣದ ಆಸುಪಾಸಿನವರಿಗೆ ವಿಮಾನ ಹಾರಿದಾಗ ಕೆಲವು ಸೆಕೆಂಡ್ ಚಿತ್ರ ನಿಲ್ಲುವುದುಂಟು. ಎಕೋ ಮೇಲಿನಿಂದ ಬರುತ್ತದೆ. ಬೋ-ಟೈಗಳನ್ನು ಒಂದರ ಮೇಲೊಂದು ಜೋಡಿಸಿದ 4-ಬೇ ಆಂಟೆನಾದ ಹಿಡಿತ ಮೇಲೆ ಕೆಳಗೆ ಕಿರಿದಾಗಿರುತ್ತದೆ, ಅದು ಸಹಾಯಕ್ಕೆ ಬರುತ್ತದೆ. ರಸ್ತೆಯ ಗಾಡಿಗಳಿಂದ ತೊಂದರೆ ಬರುತ್ತಿದ್ದರೆ ಆಂಟೆನಾವನ್ನು ರಸ್ತೆಯಿಲ್ಲದ ಬದಿಗೆ, ಮನೆ ನಡುವೆ ಅಡ್ಡ ಬರುವಂತೆ ಇಡಿ.

ಇಷ್ಟಾದ ಮೇಲೂ ಕುಣಿತ ನಿಲ್ಲದಿದ್ದರೆ ಟ್ಯೂನರ್ ಬದಲಿಸಿ ನೋಡಿ. 2009ರ ಜೂನ್ 12ಕ್ಕೆ ಅಮೆರಿಕದ ದೊಡ್ಡ ಕೇಂದ್ರಗಳೆಲ್ಲ ಅನಲಾಗ್ ನಿಲ್ಲಿಸಿದವು. ಆಗ ಹಳೇ ಟಿವಿಗೆಂದು ಕೊಂಡ ಡಿಜಿಟಲ್ ಪೆಟ್ಟಿಗೆ ಇನ್ನೂ ಬಳಸುತ್ತಿದ್ದರೆ ಹೊಸ ಟಿವಿಯ ಒಳಗಿನ ಟ್ಯೂನರ್ ಅದಕ್ಕಿಂತ ಎಕೋ ಚೆನ್ನಾಗಿ ತಡೆಯಬಹುದು. ಕೊಳ್ಳುವ ಮೊದಲು ಸ್ನೇಹಿತರ ಟಿವಿ ತಂದು ಅದೇ ಕೇಬಲ್ಲಿಗೆ ಹಾಕಿ ನೋಡಿ. ನಿಮ್ಮ ಊರಿನಲ್ಲಿ ಎಟಿಎಸ್‌ಸಿ 3.0 ಎಂಬ ಹೊಸ ಪದ್ಧತಿಯ ಪ್ರಸಾರ ಇದ್ದರೆ ಅದು ಬಹು ಕ್ಯಾರಿಯರ್ ವಿಧಾನ, ಮಲ್ಟಿಪಾತನ್ನು ಸಹಜವಾಗಿಯೇ ತಡೆದುಕೊಳ್ಳುತ್ತದೆ. ಆದರೆ ಕೆಲವು ಕೇಂದ್ರಗಳು ಅದಕ್ಕೆ ಬೀಗ, ಅಂದರೆ ಡಿಆರ್‌ಎಂ, ಹಾಕಿವೆ. ಎಲ್ಲ ಟ್ಯೂನರ್‌ಗಳಲ್ಲಿ ಅದು ತೆರೆದುಕೊಳ್ಳುವುದಿಲ್ಲ, ವಿಚಾರಿಸಿ ಕೊಳ್ಳಿ.

ಹಂತ 9: ಬಿಗಿಯಿರಿ, ಗ್ರೌಂಡ್ ಮಾಡಿ

ಸರಿಯಾದ ಜಾಗ ಸಿಕ್ಕ ಮೇಲೆ ಕಂಬದ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಆಮೇಲೆ ಬೋಲ್ಟ್ ಬಿಗಿಯಿರಿ. ಬಿಗಿಯುವಾಗ ತಿರುಗಿಹೋಗುವುದು ಸಾಮಾನ್ಯ. ಬಿಗಿದ ಮೇಲೆ ಇನ್ನೊಮ್ಮೆ ಎಲ್ಲ ಚಾನೆಲ್‌ಗಳ ಕ್ವಾಲಿಟಿ ನೋಡಿ.

ಏಣಿ ಹತ್ತುವಾಗ ಒಬ್ಬರೇ ಇರಬೇಡಿ. ಕರೆಂಟಿನ ತಂತಿ ಎಲ್ಲಿದೆ ಅಂತ ಮೊದಲೇ ನೋಡಿ. ಕಂಬ ಉರುಳಿದರೂ ತಂತಿಗೆ ತಾಗಬಾರದು, ಅದರ ಮೇಲೆ ಇನ್ನೂ 10 ಅಡಿ ಬಿಡಿ. ಹೊರಗಿನ ಕಂಬವನ್ನೂ ಕೇಬಲ್ಲನ್ನೂ ಗ್ರೌಂಡ್, ಅಂದರೆ ಅರ್ಥಿಂಗ್, ಮಾಡಲೇಬೇಕು. ಕಂಬಕ್ಕೆ 10 ಗೇಜ್ ತಾಮ್ರದ ತಂತಿ, ಕೇಬಲ್ ಮನೆಯೊಳಗೆ ಬರುವ ಕಡೆ ಗ್ರೌಂಡಿಂಗ್ ಬ್ಲಾಕ್ ಹಾಕಿ. ಎರಡನ್ನೂ ಮನೆಯ ಮುಖ್ಯ ಗ್ರೌಂಡಿಗೇ ಸೇರಿಸಿ. ಬೇರೆ ಸರಳು ಹೂತು ಅದನ್ನು ಮುಖ್ಯ ಗ್ರೌಂಡಿಗೆ ಜೋಡಿಸದೆ ಬಿಡುವುದು ಅಪಾಯ. ಕೈ ಬರದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಕೇಬಲ್ ಒಳಗೆ ಬರುವ ಮುಂಚೆ ಕೆಳಕ್ಕೆ ಒಂದು ಬಳುಕು ಬಿಡಿ. ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್ ಒಳಗೆ ನೀರು ಹೋದರೆ ಕೆಲವೇ ತಿಂಗಳಲ್ಲಿ ಕ್ವಾಲಿಟಿ ಇಳಿಯಲು ಶುರುವಾಗುತ್ತದೆ.

ಈಗ 2ನೇ ಹಂತದಲ್ಲಿ ಬಿಚ್ಚಿಟ್ಟದ್ದನ್ನು ಒಂದೊಂದಾಗಿ ವಾಪಸ್ ಹಾಕಿ, ಪ್ರತಿ ಸಲ ಅಂಕಿ ನೋಡಿ. ಕೊನೆಗೆ ಟಿವಿಯಲ್ಲಿ ಚಾನೆಲ್ ಸ್ಕ್ಯಾನ್ ಮಾಡಿ. ಒಂದು ಚಾನೆಲ್ ಮಾತ್ರ ಇನ್ನೂ ಹಠ ಹಿಡಿದಿದ್ದರೆ ಅದೊಂದಕ್ಕಾಗಿ ಉಳಿದವನ್ನು ಕೆಡಿಸಬೇಡಿ. ಅದರ ಆರ್‌ಎಫ್ ನಂಬರ್‌ಗೆ ತಕ್ಕ ಸಣ್ಣ ಆಂಟೆನಾವೊಂದನ್ನು ಬೇರೆ ಕಡೆ ಇಟ್ಟು, ಎರಡರಲ್ಲಿ ಒಂದನ್ನು ಮಾತ್ರ ಆರಿಸುವ ಎ-ಬಿ ಸ್ವಿಚ್ಚಿಗೆ ಜೋಡಿಸಿ. ಎರಡನ್ನೂ ಸ್ಪ್ಲಿಟರ್‌ನಲ್ಲಿ ಸುಮ್ನೆ ಕೂಡಿಸಿದರೆ ಒಂದೇ ಸಿಗ್ನಲ್ ಎರಡು ಆಂಟೆನಾದಿಂದ ಬೇರೆ ಬೇರೆ ಹೊತ್ತಿಗೆ ಬಂದು ಹೊಸ ಮಲ್ಟಿಪಾತ್ ಹುಟ್ಟುತ್ತದೆ.